ಭೂಗತ ಕಲ್ಲಿದ್ದಲು ಗಣಿಯ ಪರಿಸರ ಮತ್ತು ಸುರಕ್ಷತೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪರಿಸರ ಬೇರೆ, ಸುರಕ್ಷತೆ ಬೇರೆ ಅಲ್ವಾ? ಎರಡನ್ನೂ ಯಾಕೆ ಒಟ್ಟಿಗೆ ನೋಡುತ್ತಾರೆ?

ನೆಲದ ಮೇಲಿನ ಕಾರ್ಖಾನೆಗಳಲ್ಲಿ ಎರಡಕ್ಕೂ ಬೇರೆ ಬೇರೆ ಫೈಲು, ಬೇರೆ ಬೇರೆ ಅಧಿಕಾರಿ ಇರುತ್ತಾರೆ. ನೆಲದಡಿಯ ಗಣಿಯಲ್ಲಿ ಆ ಗೆರೆ ಎಳೆಯುವುದೇ ಕಷ್ಟ. ಕಲ್ಲಿದ್ದಲಿನಿಂದ ಹೊರಬರುವ ಮೀಥೇನ್ ಒಳಗೇ ಉಳಿದರೆ ಸ್ಫೋಟದ ಭಯ. ಅದನ್ನೇ ಫ್ಯಾನ್ ಹಾಕಿ ಹೊರಗೆ ಎಳೆದರೆ ಭೂಮಿಯ ಬಿಸಿ ಏರಿಸುವ ಅನಿಲ. ಹಳೇ ಸುರಂಗದ ನೀರು ಒಳಗೆ ನುಗ್ಗಿದರೆ ಜೀವ ಹೋಗುತ್ತದೆ. ಅದೇ ನೀರನ್ನು ಪಂಪ್ ಮಾಡಿ ಹೊಳೆಗೆ ಬಿಟ್ಟರೆ ಹೊಳೆ ಕೆಡುತ್ತದೆ. ಒಂದು ಕಡೆ ತಳ್ಳಿದ ತೊಂದರೆ ಇನ್ನೊಂದು ಕಡೆ ಎದ್ದು ಬರುತ್ತದೆ. ಹಾಗಾಗಿ ಗಾಳಿ, ನೀರು, ಕಲ್ಲು, ಧೂಳು ಇಷ್ಟನ್ನೂ ಒಂದೇ ಲೆಕ್ಕದಲ್ಲಿ ನೋಡಬೇಕಾಗುತ್ತದೆ.

ಮೀಥೇನ್ ಎಷ್ಟಿದ್ದರೆ ಅಪಾಯ?

ಗಾಳಿಯಲ್ಲಿ ಶೇ. 5ರಿಂದ 15ರವರೆಗೆ ಇದ್ದರೆ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಅತಿ ಜೋರಿನ ಸ್ಫೋಟ ಶೇ. 9.5ರ ಆಸುಪಾಸಿನಲ್ಲಿ. ಆದರೆ 5 ಆಗುವವರೆಗೆ ಯಾರೂ ಕಾಯುವುದಿಲ್ಲ. ಭಾರತದ ನಿಯಮದಲ್ಲಿ ಶೇ. 1.25 ದಾಟಿದರೆ ಕರೆಂಟ್ ಕಡಿಯಬೇಕು. ಅಮೆರಿಕದಲ್ಲಿ ಶೇ. 1 ಮುಟ್ಟಿದರೆ ವಿದ್ಯುತ್ ಯಂತ್ರಗಳು ಬಂದ್, 1.5 ಆದರೆ ಜನ ಹೊರಗೆ.

ಅಳತೆ ಎಲ್ಲಿ ಮಾಡಿದಿರಿ ಅನ್ನುವುದು ಅಂಕಿಯಷ್ಟೇ ಮುಖ್ಯ. ಮೀಥೇನ್ ಗಾಳಿಗಿಂತ ತುಂಬಾ ಹಗುರ, ಹೆಚ್ಚುಕಡಿಮೆ ಅರ್ಧ ತೂಕ. ಗಾಳಿ ನಿಧಾನವಾಗಿ ಹರಿಯುವ ಕಡೆ ಅದು ಚಾವಣಿಗೆ ಅಂಟಿಕೊಂಡು ತೆಳುವಾದ ಪದರವಾಗಿ ನಿಲ್ಲುತ್ತದೆ. ಎದೆಮಟ್ಟದಲ್ಲಿ ಮೀಟರ್ ಹಿಡಿದು ನೋಡಿದರೆ ಸೊನ್ನೆ ತೋರಿಸಬಹುದು, ಒಂದು ಕೈಯಳತೆ ಮೇಲೆ ಶೇ. 6 ಇರಬಹುದು. ಅದಕ್ಕೇ ಅನುಭವಸ್ಥರು ಮೀಟರನ್ನು ಕೋಲಿಗೆ ಸಿಕ್ಕಿಸಿ ಚಾವಣಿಯ ಸಂದುಗೊಂದಿಗಳಿಗೆಲ್ಲ ಹಿಡಿಯುತ್ತಾರೆ.

ಹವಾಮಾನವನ್ನೂ ಗಮನಿಸಬೇಕು. ಹೊರಗೆ ಬಿರುಗಾಳಿ, ಮಳೆ ಬರುವ ಮುಂಚೆ ವಾಯುಭಾರ ಇಳಿಯುತ್ತದೆ. ಆಗ ಕಲ್ಲಿದ್ದಲು ತೆಗೆದು ಕುಸಿಯಲು ಬಿಟ್ಟ ಹಳೇ ಜಾಗದಲ್ಲಿ, ಅಂದರೆ ಗೋಫ್‌ನಲ್ಲಿ, ಕೂತಿದ್ದ ಅನಿಲ ಹೊರಕ್ಕೆ ಉಸಿರು ಬಿಡುತ್ತದೆ. ಗಣಿಯ ಆಫೀಸಿನಲ್ಲಿ ವಾಯುಭಾರ ಮಾಪಕ ಇರುವುದು ಸುಮ್ನೆ ಅಲಂಕಾರಕ್ಕಲ್ಲ.

ಶೇ. 15ಕ್ಕಿಂತ ಜಾಸ್ತಿ ಆದರೆ ಸ್ಫೋಟವಾಗಲ್ಲ, ಹಾಗಾದರೆ ಅದು ಸುರಕ್ಷಿತವೇ?

ಇಲ್ಲ. ಅಲ್ಲಿ ಉಸಿರಾಡಲು ಆಮ್ಲಜನಕ ಸಾಕಾಗುವುದಿಲ್ಲ, ಅದು ಮೊದಲನೇ ಮಾತು. ಎರಡನೆಯದು, ಅಲ್ಲಿಗೆ ತಾಜಾ ಗಾಳಿ ಬಿಟ್ಟ ಕೂಡಲೇ ಪ್ರಮಾಣ ಇಳಿಯುತ್ತಾ 15ರಿಂದ 5ರ ನಡುವಿನ ದಾರಿಯಲ್ಲೇ ಹಾದುಹೋಗಬೇಕು. ಮುಚ್ಚಿದ ಭಾಗವನ್ನು ಮತ್ತೆ ತೆರೆಯುವುದು ಗಣಿ ಕೆಲಸದಲ್ಲೇ ಅತಿ ನಾಜೂಕಿನದು. ಹೊಸದಾಗಿ ಮುಚ್ಚುವುದೂ ಅಷ್ಟೇ. ಗೋಡೆ ಕಟ್ಟಿ ಗಾಳಿ ನಿಲ್ಲಿಸಿದ ಮೇಲೆ ಒಳಗೆ ಮೀಥೇನ್ ಸೊನ್ನೆಯಿಂದ ಏರುತ್ತಾ ಅದೇ ಅಪಾಯದ ವಲಯ ದಾಟುತ್ತದೆ. ಆ ಹೊತ್ತಿನಲ್ಲಿ ಒಳಗೆ ಯಾರೂ ಇರಬಾರದು.

ಈಗ ಎಲ್ಲ ಕಡೆ ಸೆನ್ಸರ್ ಇದೆ. ಹಳೇ ಸೇಫ್ಟಿ ಲ್ಯಾಂಪ್ ಬಗ್ಗೆ ಯಾಕೆ ಇನ್ನೂ ಮಾತಾಡುತ್ತಾರೆ?

ಅದರ ಉಪಾಯ ಅಷ್ಟು ಚೆನ್ನಾಗಿದೆ, ಅದಕ್ಕೆ. 1815ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ ದೀಪದ ಜ್ವಾಲೆಯ ಸುತ್ತ ಸಣ್ಣ ಕಣ್ಣಿನ ತಂತಿ ಜಾಲರಿ ಸುತ್ತಿದ. ಜಾಲರಿ ಬೆಂಕಿಯ ಬಿಸಿಯನ್ನು ಹೀರಿಕೊಳ್ಳುತ್ತದೆ, ಜ್ವಾಲೆ ಆಚೆ ದಾಟುವುದಿಲ್ಲ. ಬತ್ತಿಯನ್ನು ತೀರಾ ಸಣ್ಣದು ಮಾಡಿ ನೋಡಿದರೆ, ಮೀಥೇನ್ ಇದ್ದ ಕಡೆ ಹಳದಿ ಜ್ವಾಲೆಯ ತಲೆಯ ಮೇಲೆ ಮಸುಕು ನೀಲಿ ಟೋಪಿ ಕಾಣಿಸುತ್ತದೆ. ಅನಿಲ ಜಾಸ್ತಿ ಆದಷ್ಟೂ ಟೋಪಿ ಎತ್ತರ. ಆಮ್ಲಜನಕ ತೀರಾ ಕಡಿಮೆಯಾದರೆ ದೀಪವೇ ಆರಿಹೋಗುತ್ತದೆ. ಒಂದೇ ಉಪಕರಣ ಎರಡು ಅಪಾಯ ಹೇಳುತ್ತಿತ್ತು. ಇವತ್ತು ಭರವಸೆ ಇಡಬೇಕಾದ್ದು ಎಲೆಕ್ಟ್ರಾನಿಕ್ ಮೀಟರ್ ಮೇಲೇ, ಅದರಲ್ಲಿ ಅನುಮಾನವಿಲ್ಲ. ಆದರೆ ಮೀಟರನ್ನು ಕಾಲಕಾಲಕ್ಕೆ ಗೊತ್ತಿರುವ ಅನಿಲದ ಎದುರು ಹಿಡಿದು ಸರಿ ಇದೆಯಾ ಅಂತ ಪರೀಕ್ಷಿಸಬೇಕು. ಪರೀಕ್ಷೆ ಮಾಡದ ಮೀಟರ್ ಸುಳ್ಳು ಧೈರ್ಯ ಕೊಡುತ್ತದೆ. ಮೀಟರೇ ಇಲ್ಲದಿದ್ದರೆ ಜನ ಕನಿಷ್ಠ ಹೆದರಿಕೊಂಡಾದರೂ ಇರುತ್ತಾರೆ.

ಒಳಗೆ ಗಾಳಿ ಹೇಗೆ ಬರುತ್ತದೆ? ಫ್ಯಾನ್ ನಿಂತರೆ?

ಸಾಮಾನ್ಯವಾಗಿ ಮುಖ್ಯ ಫ್ಯಾನ್ ಇರುವುದು ನೆಲದ ಮೇಲೆ. ಅದು ಒಂದು ಬಾಯಿಯಿಂದ ಕೆಟ್ಟ ಗಾಳಿಯನ್ನು ಎಳೆಯುತ್ತದೆ, ಇನ್ನೊಂದು ಬಾಯಿಯಿಂದ ತಾಜಾ ಗಾಳಿ ತಾನಾಗಿ ಒಳಗೆ ಇಳಿಯುತ್ತದೆ. ಒಳಗಿನ ಬಾಗಿಲು, ಅಡ್ಡಗೋಡೆ, ಪರದೆಗಳ ಕೆಲಸ ಗಾಳಿಗೆ ದಾರಿ ತೋರಿಸುವುದು. ಇಲ್ಲದಿದ್ದರೆ ಅದು ಹತ್ತಿರದ ದಾರಿ ಹಿಡಿದು ವಾಪಸ್ ಹೋಗಿಬಿಡುತ್ತದೆ, ಜನ ಕೆಲಸ ಮಾಡುವ ಜಾಗಕ್ಕೆ ತಲುಪುವುದೇ ಇಲ್ಲ. ಯಾರೋ ತಳ್ಳುಗಾಡಿ ದಾಟಿಸಿ ಬಾಗಿಲು ಮುಚ್ಚದೆ ಹೋದರೆ ಸಾಕು, ಅರ್ಧ ಮೈಲಿ ಆಚೆ ಗಾಳಿ ಸತ್ತುಹೋಗುತ್ತದೆ.

ಫ್ಯಾನ್ ನಿಂತರೆ ಒಳಗಿನ ಕರೆಂಟ್ ಕಡಿಯಬೇಕು, ಜನ ಹೊರಡಬೇಕು. ಮತ್ತೆ ಶುರುವಾದ ಮೇಲೂ ನೇರ ಕೆಲಸಕ್ಕೆ ಇಳಿಯುವಂತಿಲ್ಲ. ಮೊದಲು ತಪಾಸಣೆ, ಆಮೇಲೆ ಕರೆಂಟ್.

ಎರಡು ಬಾಯಿ ಇರಲೇಬೇಕು ಅನ್ನುವ ನಿಯಮದ ಹಿಂದೆ ಒಂದು ಕಥೆ ಇದೆ. 1862ರ ಜನವರಿಯಲ್ಲಿ ಇಂಗ್ಲೆಂಡಿನ ಹಾರ್ಟ್ಲಿ ಗಣಿಯಲ್ಲಿ ಪಂಪಿನ ದೊಡ್ಡ ಕಬ್ಬಿಣದ ತೊಲೆ ಮುರಿದು, ಇದ್ದ ಒಂದೇ ಶಾಫ್ಟಿನೊಳಗೆ, ಅಂದರೆ ಗಣಿಗೆ ಇಳಿಯುವ ಬಾವಿಯಂಥ ದಾರಿಯೊಳಗೆ, ಬಿತ್ತು. ದಾರಿ ಮುಚ್ಚಿತು, 204 ಜನ ಸತ್ತರು. ಅದೇ ವರ್ಷ ಬ್ರಿಟನ್ ಎರಡು ದಾರಿ ಕಡ್ಡಾಯ ಮಾಡಿತು.

ಧೂಳು ಕೂಡ ಸ್ಫೋಟಿಸುತ್ತದೆಯೇ?

ಸ್ಫೋಟಿಸುತ್ತದೆ, ಎಷ್ಟೋ ಸಲ ಮೀಥೇನ್‌ಗಿಂತ ಭೀಕರವಾಗಿ. ನಡೆಯುವುದು ಹೀಗೆ: ಒಂದು ಮೂಲೆಯಲ್ಲಿ ಸಣ್ಣ ಮೀಥೇನ್ ಸ್ಫೋಟ. ಅದರ ಗಾಳಿಯ ಹೊಡೆತಕ್ಕೆ ನೆಲ, ಗೋಡೆ, ತೊಲೆಗಳ ಮೇಲೆ ಕೂತಿದ್ದ ನುಣ್ಣನೆಯ ಕಲ್ಲಿದ್ದಲು ಧೂಳು ಮೇಲೇಳುತ್ತದೆ. ಹಿಂದೆಯೇ ಬರುವ ಬೆಂಕಿ ಅದನ್ನು ಹೊತ್ತಿಸುತ್ತದೆ. ಅದು ಮುಂದಿನ ಧೂಳನ್ನು ಎಬ್ಬಿಸುತ್ತದೆ. ಹೀಗೆ ಇಡೀ ಗಣಿ ಉದ್ದಕ್ಕೂ. 1906ರ ಮಾರ್ಚ್ 10ರಂದು ಫ್ರಾನ್ಸಿನ ಕೂರಿಯೇರ್‌ನಲ್ಲಿ 1,099 ಜನ ಸತ್ತದ್ದು ಇಂಥ ಧೂಳಿನ ಸ್ಫೋಟದಲ್ಲಿ. 20 ದಿನ ಆದಮೇಲೆ 13 ಜನ ತಾವಾಗಿಯೇ ದಾರಿ ಹುಡುಕಿಕೊಂಡು ಜೀವಂತ ಹೊರಬಂದರು. ಅಷ್ಟರೊಳಗೆ ಹುಡುಕಾಟವನ್ನು ಕೈಬಿಟ್ಟಾಗಿತ್ತು.

ಇದಕ್ಕೆ ಮದ್ದು ಇನ್ನೊಂದು ಧೂಳೇ, ಸುಣ್ಣಕಲ್ಲಿನ ಪುಡಿ. ಅದನ್ನು ಸುರಂಗದ ಉದ್ದಕ್ಕೂ ಎರಚುತ್ತಾರೆ. ಹೊಡೆತಕ್ಕೆ ಎರಡೂ ಒಟ್ಟಿಗೆ ಏಳುತ್ತವೆ, ಕಲ್ಲಿನ ಪುಡಿ ಬಿಸಿಯನ್ನು ಕುಡಿದುಬಿಡುತ್ತದೆ, ಬೆಂಕಿ ಮುಂದೆ ಹೋಗುವುದಿಲ್ಲ. ಅಮೆರಿಕದ ನಿಯಮದ ಪ್ರಕಾರ ಸುರಂಗದ ಧೂಳಿನಲ್ಲಿ ಕನಿಷ್ಠ ಶೇ. 80ರಷ್ಟು ಸುಡದ ವಸ್ತು ಇರಬೇಕು. ಕಲ್ಲಿದ್ದಲು ಗಣಿಯೊಳಗೆ ಗೋಡೆ ಕಪ್ಪಗಿರಬೇಕು ಅಂತ ನಾವೆಲ್ಲ ಅಂದುಕೊಂಡಿರುತ್ತೇವೆ. ಚೆನ್ನಾಗಿ ನೋಡಿಕೊಂಡ ಗಣಿಯ ಗೋಡೆ ಬೂದು ಬಿಳಿ. ನಿನ್ನೆ ಎರಚಿದ ಬಿಳಿಯ ಮೇಲೆ ಇವತ್ತು ಕಪ್ಪು ಕೂತಿದ್ದರೆ ಮತ್ತೆ ಎರಚುವ ಸಮಯ ಬಂತು ಅಂತ ಲೆಕ್ಕ.

ಗಣಿಗಳಲ್ಲಿ ಹಕ್ಕಿ ಇಟ್ಟುಕೊಳ್ಳುತ್ತಿದ್ದರು ಅಂತಾರೆ, ನಿಜವೇ?

ನಿಜ. ಬೆಂಕಿ, ಸ್ಫೋಟ ಆದಾಗ ಹುಟ್ಟುವ ಕಾರ್ಬನ್ ಮಾನಾಕ್ಸೈಡ್ ಅನ್ನುವ ವಿಷಾನಿಲಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಸ್ಫೋಟದಲ್ಲಿ ಸಾಯುವವರಲ್ಲಿ ತುಂಬಾ ಜನ ಬೆಂಕಿಯಿಂದಲ್ಲ, ಇದರಿಂದ ಸಾಯುತ್ತಾರೆ ಅಂತ ತೋರಿಸಿಕೊಟ್ಟವರು ಬ್ರಿಟನ್ನಿನ ಶರೀರಶಾಸ್ತ್ರಜ್ಞ ಜಾನ್ ಸ್ಕಾಟ್ ಹಾಲ್ಡೇನ್. ಕ್ಯಾನರಿ ಹಕ್ಕಿ ಮನುಷ್ಯನಿಗಿಂತ ಬೇಗ ಕುಸಿಯುತ್ತದೆ, ಅದನ್ನು ನೋಡಿ ಜನ ವಾಪಸ್ ಓಡಬಹುದು ಅನ್ನುವ ಸಲಹೆಯೂ ಅವರದೇ. ಬ್ರಿಟನ್ನಿನ ಗಣಿಗಳಲ್ಲಿ 1986ರಲ್ಲಿ ಹಕ್ಕಿಗಳಿಗೆ ನಿವೃತ್ತಿ ಕೊಟ್ಟು ಎಲೆಕ್ಟ್ರಾನಿಕ್ ಮೀಟರ್ ತರುವ ತೀರ್ಮಾನವಾಯಿತು.

ಇದು ಹಳೇ ಕಾಲದ ಅಪಾಯ ಅಂದುಕೊಳ್ಳಬೇಡಿ. 2014ರ ಮೇ 13ರಂದು ಟರ್ಕಿಯ ಸೋಮಾ ಗಣಿಯಲ್ಲಿ 301 ಜನ ಸತ್ತರು, ಬಹುಪಾಲು ಈ ಅನಿಲದಿಂದಲೇ.

ಸೊಂಟಕ್ಕೆ ಕಟ್ಟಿಕೊಳ್ಳುವ ಆ ಡಬ್ಬಿ ಏನು?

ಅದು ಸೆಲ್ಫ್ ರೆಸ್ಕ್ಯೂಯರ್. ಎರಡು ಬಗೆ ಇದೆ. ಹಳೇ ಬಗೆಯದು ಬರೀ ಸೋಸುವಂಥದ್ದು. ಅದರೊಳಗಿನ ರಾಸಾಯನಿಕ ಕಾರ್ಬನ್ ಮಾನಾಕ್ಸೈಡನ್ನು ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಹಾಗೆ ಮಾಡುವಾಗ ಬಿಸಿ ಹುಟ್ಟುತ್ತದೆ, ಬಾಯಿಗೆ ಬರುವ ಗಾಳಿ ಸುಡುವಷ್ಟು ಬಿಸಿಯಾಗುತ್ತದೆ. ಡಬ್ಬಿ ಕೆಟ್ಟಿದೆ ಅಂತ ಗಾಬರಿಯಾಗಿ ಅದನ್ನು ಕಿತ್ತು ಹಾಕಿದರೆ ಮುಗಿಯಿತು. ಬಿಸಿ ಬರುತ್ತಿದೆ ಅಂದರೆ ಅದು ಕೆಲಸ ಮಾಡುತ್ತಿದೆ, ಹೊರಗೆ ವಿಷ ಇದೆ ಅಂತಲೇ ಅರ್ಥ. ತರಬೇತಿಯಲ್ಲಿ ಎಲ್ಲಕ್ಕಿಂತ ಮೊದಲು ಹೇಳಿಕೊಡಬೇಕಾದ್ದು ಇದು.

ಸುತ್ತ ಆಮ್ಲಜನಕವೇ ಇಲ್ಲದಿದ್ದರೆ ಸೋಸಿ ಪ್ರಯೋಜನವಿಲ್ಲ. ಎರಡನೇ ಬಗೆ ತಾನೇ ಆಮ್ಲಜನಕ ಕೊಡುತ್ತದೆ. ಯಾವುದೇ ಇರಲಿ, ಕತ್ತಲಲ್ಲಿ, ಹೊಗೆಯಲ್ಲಿ, ಕೈಯ ಸ್ಪರ್ಶದಿಂದಲೇ ಹಾಕಿಕೊಳ್ಳಲು ಬರಬೇಕು. ವರ್ಷಕ್ಕೊಮ್ಮೆ ವಿಡಿಯೋ ತೋರಿಸಿ ಸಹಿ ಹಾಕಿಸಿಕೊಳ್ಳುವುದಕ್ಕೆ ನಾನಂತೂ ತರಬೇತಿ ಅನ್ನುವುದಿಲ್ಲ.

ಕಲ್ಲಿದ್ದಲು ತಾನಾಗೇ ಹೊತ್ತಿಕೊಳ್ಳುತ್ತದೆ ಅಂದರೆ ನಂಬುವುದು ಹೇಗೆ?

ಕಲ್ಲಿದ್ದಲು ಗಾಳಿಗೆ ಬಿದ್ದ ಕ್ಷಣದಿಂದ ಆಮ್ಲಜನಕ ಹೀರುತ್ತಾ ಸ್ವಲ್ಪ ಸ್ವಲ್ಪ ಬಿಸಿಯಾಗುತ್ತದೆ. ಗಾಳಿ ಧಾರಾಳವಾಗಿದ್ದರೆ ಆ ಬಿಸಿ ಹಾರಿಹೋಗುತ್ತದೆ. ಗಾಳಿ ಸ್ವಲ್ಪವೂ ಇಲ್ಲದಿದ್ದರೆ ಬಿಸಿಯೇ ಹುಟ್ಟುವುದಿಲ್ಲ. ತೊಂದರೆ ಆಗುವುದು ನಡುವೆ, ಅಂದರೆ ಗೋಫ್‌ನಲ್ಲಿ ಬಿಟ್ಟ ಪುಡಿ ಕಲ್ಲಿದ್ದಲಿನ ಮೇಲೆ ಗಾಳಿ ಸಣ್ಣಗೆ ಸೋರುವಾಗ.

ಬೆಂಕಿ ಕಾಣುವ ಮುಂಚೆಯೇ ಸೂಚನೆಗಳು ಬರುತ್ತವೆ. ಕಬ್ಬಿಣದ ಮೇಲೆ, ಚಾವಣಿಯ ಮೇಲೆ ಬೆವರಿನಂಥ ಹನಿ. ದೀಪದ ಬೆಳಕಿನಲ್ಲಿ ತೆಳು ಮಂಜು. ಆಮೇಲೆ ಸೀಮೆಎಣ್ಣೆಯನ್ನು ನೆನಪಿಸುವ ವಾಸನೆ. ಮೂಗಿಗೆ ಗೊತ್ತಾಗುವಷ್ಟು ಹೊತ್ತಿಗೆ ತಡವಾಗಿರಬಹುದು. ಅದಕ್ಕೇ ಗಾಳಿಯ ಮಾದರಿ ತೆಗೆದು, ಖರ್ಚಾದ ಆಮ್ಲಜನಕಕ್ಕೆ ಹುಟ್ಟಿದ ಕಾರ್ಬನ್ ಮಾನಾಕ್ಸೈಡ್ ಶೇಕಡಾ ಎಷ್ಟು ಅಂತ ಲೆಕ್ಕ ಹಾಕುತ್ತಾರೆ. ಇದಕ್ಕೆ ಗ್ರಹಾಂ ಅನುಪಾತ ಅನ್ನುತ್ತಾರೆ. 1 ದಾಟಿದರೆ ಎಲ್ಲೋ ಬಿಸಿಯೇರುತ್ತಿದೆ, 3ರ ಹತ್ತಿರ ಬಂದರೆ ಬೆಂಕಿಯೇ ಇದೆ ಅನ್ನುವುದು ರೂಢಿಯ ಲೆಕ್ಕ. ಒಂದು ದಿನದ ಅಂಕಿಗಿಂತ ವಾರದಿಂದ ವಾರಕ್ಕೆ ಅದು ಏರುತ್ತಿದೆಯಾ ಅನ್ನುವುದನ್ನು ನೋಡಬೇಕು.

ಸಮಯಕ್ಕೆ ಹಿಡಿದರೆ ಗೋಡೆ ಕಟ್ಟಿ ಮುಚ್ಚಬಹುದು, ನೈಟ್ರೋಜನ್ ತುಂಬಬಹುದು. ಬಿಟ್ಟರೆ? ಜಾರ್ಖಂಡ್‌ನ ಝರಿಯಾದಲ್ಲಿ ಮೊದಲ ಬೆಂಕಿ ದಾಖಲಾದದ್ದು 1916ರಲ್ಲಿ. ಆ ಕಲ್ಲಿದ್ದಲು ಪ್ರದೇಶ ಇವತ್ತಿಗೂ ಉರಿಯುತ್ತಿದೆ. ಅಮೆರಿಕದ ಸೆಂಟ್ರೇಲಿಯಾದಲ್ಲಿ 1962ರಲ್ಲಿ ಶುರುವಾದ ಬೆಂಕಿ ಒಂದು ಊರನ್ನೇ ಖಾಲಿ ಮಾಡಿಸಿತು.

ಚಾವಣಿ ಬೀಳುವುದನ್ನು ಮೊದಲೇ ಗುರುತಿಸಬಹುದೇ?

ಬಹುಮಟ್ಟಿಗೆ. ಪತ್ರಿಕೆಗೆ ಬರುವುದು ಸ್ಫೋಟಗಳು. ಆದರೆ ಒಬ್ಬಿಬ್ಬರನ್ನೇ ಸದ್ದಿಲ್ಲದೆ ಬಲಿ ತೆಗೆದುಕೊಳ್ಳುವುದು ಚಾವಣಿ ಮತ್ತು ಗೋಡೆಯ ಕುಸಿತ. ಶಿಫ್ಟ್ ಶುರುವಾಗುವಾಗ ಮೇಲ್ವಿಚಾರಕ ಉದ್ದ ಕಬ್ಬಿಣದ ಹಾರೆಯಿಂದ ಚಾವಣಿಯನ್ನು ತಟ್ಟುತ್ತಾ ಹೋಗುತ್ತಾನೆ. ಒಂದು ಕೈಯಲ್ಲಿ ಹಾರೆ, ಇನ್ನೊಂದು ಕೈಯ ಬೆರಳುಗಳು ಚಾವಣಿಗೆ ಆತು ಇರುತ್ತವೆ. ಗಟ್ಟಿ ಕಲ್ಲಾದರೆ ಠಣ್ ಅನ್ನುತ್ತದೆ, ಬೆರಳಿಗೆ ಏನೂ ತಿಳಿಯುವುದಿಲ್ಲ. ಒಳಗೆ ಪದರ ಬಿಟ್ಟಿದ್ದರೆ ಖಾಲಿ ಡ್ರಮ್ ಬಡಿದ ಹಾಗೆ ಡಬ್ ಅನ್ನುತ್ತದೆ, ಬೆರಳ ತುದಿಗೆ ಸಣ್ಣ ನಡುಕ ತಾಗುತ್ತದೆ. ಕೆಲವೊಮ್ಮೆ ಸದ್ದು ಸರಿ ಇದ್ದು ನಡುಕ ಮಾತ್ರ ಇರುತ್ತದೆ. ಆಗ ಬೆರಳಿನ ಮಾತನ್ನೇ ಕೇಳಬೇಕು. ತಟ್ಟುವವನು ಯಾವಾಗಲೂ ಬೋಲ್ಟ್ ಹಾಕಿದ ಚಾವಣಿಯ ಕೆಳಗೇ ನಿಂತಿರಬೇಕು.

ಬೋಲ್ಟ್ ಅಂದರೆ ಸಾಮಾನ್ಯವಾಗಿ 1.5ರಿಂದ 2.4 ಮೀಟರ್ ಉದ್ದದ ಉಕ್ಕಿನ ಸರಳು. ಚಾವಣಿ ಕೊರೆದು, ರೆಸಿನ್ ಅಂಟು ಹಾಕಿ ಕೂರಿಸುತ್ತಾರೆ. ಅದು ಸಡಿಲ ಪದರಗಳನ್ನು ಹೊಲಿದು ಒಂದು ದಪ್ಪ ಹಲಗೆ ಮಾಡಿಬಿಡುತ್ತದೆ. ಬೋಲ್ಟ್ ಬೀಳದ ಚಾವಣಿ ಕೆಳಗೆ ಒಂದು ಹೆಜ್ಜೆಯನ್ನೂ ಇಡಬಾರದು. ಬಿದ್ದ ಉಪಕರಣ ಎತ್ತಿಕೊಳ್ಳಲಿಕ್ಕೂ ಕೂಡ.

ನೀರು ಎಲ್ಲಿಂದ ನುಗ್ಗುತ್ತದೆ?

ಬಹುತೇಕ ಪಕ್ಕದ ಹಳೇ ಗಣಿಯಿಂದ. ಬಿಟ್ಟುಹೋದ ಸುರಂಗಗಳಲ್ಲಿ ನೀರು ತುಂಬಿರುತ್ತದೆ, ನಕ್ಷೆ ತಪ್ಪಿರುತ್ತದೆ. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸ್ನಾಲಾದಲ್ಲಿ ಹೀಗೇ ಮೇಲಿನ ನೀರು ಒಡೆದು ನುಗ್ಗಿ 375 ಜನ ಸತ್ತರು. 2002ರಲ್ಲಿ ಅಮೆರಿಕದ ಕ್ವೆಕ್ರೀಕ್‌ನಲ್ಲಿ ಹಳೇ ಗಣಿಯ ಕೊನೇ ನಕ್ಷೆ ಸಿಗದೆ 9 ಜನ ಸಿಕ್ಕಿಕೊಂಡರು. ಸುಮಾರು 77 ಗಂಟೆ ಆದಮೇಲೆ ಎಲ್ಲರೂ ಬದುಕಿ ಬಂದರು. 1989ರ ನವೆಂಬರಿನಲ್ಲಿ ರಾಣಿಗಂಜ್‌ನ ಮಹಾಬೀರ್ ಗಣಿಯಲ್ಲಿ ನೀರು ನುಗ್ಗಿದಾಗ ಎಂಜಿನಿಯರ್ ಜಸ್ವಂತ್ ಸಿಂಗ್ ಗಿಲ್, ಕೊರೆದ ರಂಧ್ರದಲ್ಲಿ ಉಕ್ಕಿನ ಕ್ಯಾಪ್ಸೂಲ್ ಇಳಿಸಿ, ತಾವೇ ಅದರಲ್ಲಿ ಕೂತು ಕೆಳಗೆ ಹೋಗಿ 65 ಜನರನ್ನು ಒಬ್ಬೊಬ್ಬರಾಗಿ ಮೇಲೆ ಕಳಿಸಿದರು.

ತಡೆಯುವ ದಾರಿ ಬೇಸರ ತರಿಸುವಷ್ಟು ಸರಳ. ಹಳೇ ಗಣಿಗೂ ಹೊಸದಕ್ಕೂ ನಡುವೆ ದಪ್ಪ ಕಲ್ಲಿದ್ದಲಿನ ತಡೆ ಬಿಡುವುದು, ಅನುಮಾನ ಇದ್ದ ಕಡೆ ಮುಂಚೆಯೇ ಉದ್ದ ರಂಧ್ರ ಕೊರೆದು ನೋಡಿ ಆಮೇಲೆ ಮುಂದೆ ಹೋಗುವುದು. ಇದಕ್ಕೆ ಸಮಯ ಹಿಡಿಯುತ್ತದೆ, ಆ ದಿನದ ಉತ್ಪಾದನೆ ಕಡಿಮೆಯಾಗುತ್ತದೆ. ಜನ ಹಿಂಜರಿಯುವುದು ಅಲ್ಲೇ.

ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ವಾಸಿಯಾಗುತ್ತದೆಯೇ?

ಇಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು ಒಳಗೆ ಕೂತು ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತದೆ, ಅದು ಹಿಂದಕ್ಕೆ ಹೋಗುವುದಿಲ್ಲ. ಕಲ್ಲಿದ್ದಲಿನ ಪದರ ತೆಳುವಾದಾಗ ಯಂತ್ರ ಮೇಲೆ ಕೆಳಗಿನ ಕಲ್ಲನ್ನೂ ಕೊರೆಯುತ್ತದೆ, ಆಗ ಬರುವ ಸಿಲಿಕಾ, ಅಂದರೆ ಕಲ್ಲಿನ ನುಣ್ಣನೆಯ ಧೂಳು, ಇನ್ನೂ ಕೆಟ್ಟದ್ದು. ಅಮೆರಿಕದ ಅಪಲೇಚಿಯಾದಲ್ಲಿ ಹೋಯಿತು ಅಂದುಕೊಂಡಿದ್ದ ಕಾಯಿಲೆ ಮತ್ತೆ ತಲೆ ಎತ್ತಲು ಇದೂ ಒಂದು ಕಾರಣ. ಅಲ್ಲಿ 2016ರಿಂದ ಉಸಿರಿಗೆ ಸೇರುವ ಧೂಳಿನ ಮಿತಿ ಪ್ರತಿ ಘನ ಮೀಟರಿಗೆ 1.5 ಮಿಲಿಗ್ರಾಂ. ಮಾಸ್ಕ್ ಕೊನೇ ಉಪಾಯ. ಮೊದಲು ಯಂತ್ರದ ಹಲ್ಲಿನ ಬಳಿಯೇ ನೀರು ಸಿಂಪಡಿಸಿ ಧೂಳು ಏಳದ ಹಾಗೆ ನೋಡಿಕೊಳ್ಳಬೇಕು.

ಮೇಲಿನ ನೆಲ, ಮನೆ, ಹೊಲಗಳಿಗೆ ಏನಾಗುತ್ತದೆ?

ಗಣಿ ಮಾಡುವ ವಿಧಾನದ ಮೇಲೆ ಹೋಗುತ್ತದೆ. ಲಾಂಗ್‌ವಾಲ್‌ನಲ್ಲಿ ಕಲ್ಲಿದ್ದಲನ್ನು ಪೂರ್ತಿ ತೆಗೆದು ಹಿಂದೆ ಕುಸಿಯಲು ಬಿಡುತ್ತಾರೆ. ನೆಲ ಇಳಿಯುವುದು ಖಚಿತ, ಆದರೆ ಬಹುಪಾಲು ವಾರ ತಿಂಗಳುಗಳಲ್ಲೇ ಮುಗಿಯುತ್ತದೆ, ಎಷ್ಟು ಇಳಿಯುತ್ತದೆ ಅಂತ ಮುಂಚೆಯೇ ಅಂದಾಜು ಮಾಡಬಹುದು. ಕಲ್ಲಿದ್ದಲಿನ ಕಂಬಗಳನ್ನು ಬಿಟ್ಟು ನಡುವೆ ತೆಗೆಯುವ ವಿಧಾನದಲ್ಲಿ ಇವತ್ತು ನೆಲ ಗಟ್ಟಿಯಾಗಿರುತ್ತದೆ. ಕಂಬ ಕೊಳೆತು ಮುರಿಯುವುದು ಮೂವತ್ತು, ಐವತ್ತು ವರ್ಷ ಆದಮೇಲೂ ಇರಬಹುದು. ಆಗ ಗಣಿಯ ಕಂಪನಿಯೇ ಇರುವುದಿಲ್ಲ. ನನ್ನ ಮಟ್ಟಿಗೆ, ಗೊತ್ತಿರುವ ಇಳಿತವೇ ಗೊತ್ತಿಲ್ಲದ ಗುಂಡಿಗಿಂತ ವಾಸಿ.

ಗಣಿಯ ನೀರು ಕಿತ್ತಳೆ ಬಣ್ಣಕ್ಕೆ ತಿರುಗುವುದು ಯಾಕೆ?

ಕಲ್ಲಿದ್ದಲಿನ ಜೊತೆ ಪೈರೈಟ್ ಅನ್ನುವ ಕಬ್ಬಿಣ ಗಂಧಕದ ಖನಿಜ ಇರುತ್ತದೆ. ಗಾಳಿ ನೀರು ತಾಗಿದರೆ ಅದರಿಂದ ಸಲ್ಫ್ಯೂರಿಕ್ ಆಮ್ಲ ಹುಟ್ಟುತ್ತದೆ, ಕಬ್ಬಿಣ ಕರಗುತ್ತದೆ. ಹೊರಗೆ ಬಂದ ಮೇಲೆ ಕಬ್ಬಿಣ ತುಕ್ಕಾಗಿ ಹೊಳೆಯ ತಳದಲ್ಲಿ ಕೂರುತ್ತದೆ, ಮೀನಿನ ಮೊಟ್ಟೆಗಳು ಅದರಡಿ ಮುಚ್ಚಿಹೋಗುತ್ತವೆ. ಸುಣ್ಣ ಹಾಕಿ ಆಮ್ಲ ಕೊಲ್ಲಬಹುದು, ಕೊಳಗಳಲ್ಲಿ ಕಬ್ಬಿಣ ತಂಗಿಸಬಹುದು, ಜೊಂಡು ಬೆಳೆಸಿದ ಜೌಗಿನಲ್ಲಿ ಹಾಯಿಸಬಹುದು.

ತೆಗೆದ ಕಲ್ಲುಮಣ್ಣಿನ ಗುಡ್ಡೆಯಿಂದ ಏನು ಅಪಾಯ?

1966ರ ಅಕ್ಟೋಬರ್ 21ರ ಬೆಳಗ್ಗೆ ವೇಲ್ಸ್‌ನ ಅಬರ್‌ಫಾನ್‌ನಲ್ಲಿ ಅಂಥ ಒಂದು ಗುಡ್ಡೆ ಜಾರಿ ಶಾಲೆಯ ಮೇಲೆ ಬಿತ್ತು. ಸತ್ತ 144 ಜನರಲ್ಲಿ 116 ಮಕ್ಕಳು. ಗುಡ್ಡೆ ಹಾಕಿದ್ದು ನೀರಿನ ಒರತೆಯ ಮೇಲೆ. ಗುಡ್ಡೆಯೊಳಗೆ ನೀರು ನಿಲ್ಲಬಾರದು, ಎತ್ತರ ಮಿತಿ ಮೀರಬಾರದು, ಕೆಳಗೆ ಜನ ಇರಬಾರದು.

ಹೊರಗೆ ಬಿಡುವ ಮೀಥೇನ್‌ಗೆ ಏನು ಮಾಡಬಹುದು?

ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28ರಿಂದ 30 ಪಟ್ಟು ಬಿಸಿ ಹಿಡಿಯುತ್ತದೆ, ಇಪ್ಪತ್ತು ವರ್ಷದ ಲೆಕ್ಕದಲ್ಲಿ 80 ಪಟ್ಟಿಗೂ ಹೆಚ್ಚು. ಕಲ್ಲಿದ್ದಲು ತೆಗೆಯುವ ಮುಂಚೆಯೇ ರಂಧ್ರ ಕೊರೆದು ಮೀಥೇನ್ ಎಳೆದುಕೊಂಡರೆ ಅದನ್ನು ಉರಿಸಿ ಕರೆಂಟ್ ಮಾಡಬಹುದು. ಒಳಗಿನ ಕೆಲಸಗಾರರಿಗೂ ಅದು ಒಳ್ಳೆಯದು. ಫ್ಯಾನಿನ ಗಾಳಿಯ ಜೊತೆ ಹೋಗುವುದನ್ನು ಹಿಡಿಯುವುದು ಕಷ್ಟ. ಅದರಲ್ಲಿ ಮೀಥೇನ್ ಸಾಮಾನ್ಯವಾಗಿ ಶೇ. 1ಕ್ಕೂ ಕಡಿಮೆ, ತಾನಾಗಿ ಉರಿಯುವುದಿಲ್ಲ. ವಿಶೇಷ ಬಿಸಿ ಕೋಣೆಗಳಲ್ಲಿ ಮಾತ್ರ ಸುಡಬಹುದು.

ಅಪಾಯ ಕಂಡ ಕೆಲಸಗಾರ ಕೆಲಸ ನಿಲ್ಲಿಸಬಹುದೇ?

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1995ರ 176ನೇ ಒಪ್ಪಂದದ ಪ್ರಕಾರ, ಜೀವಕ್ಕೆ ಅಪಾಯ ಅಂತ ಸಕಾರಣವಾಗಿ ಅನಿಸಿದರೆ ಆ ಜಾಗ ಬಿಟ್ಟು ಹೊರಡುವ ಹಕ್ಕು ಗಣಿ ಕೆಲಸಗಾರನಿಗಿದೆ. ಹಕ್ಕು ಕಾಗದದ ಮೇಲಿದ್ದರೆ ಸಾಲದು. ಕೆಲಸ ನಿಲ್ಲಿಸಿದವನಿಗೆ ಆ ದಿನದ ಸಂಬಳ ಸಿಗುತ್ತದಾ, ಮರುದಿನ ಅವನನ್ನು ಹೇಗೆ ನೋಡಿಕೊಳ್ಳುತ್ತಾರೆ ಅಂತ ಕೇಳಿ. ಉತ್ತರ ಅಲ್ಲಿದೆ.

ದಾಖಲೆಯ ಪುಸ್ತಕವೂ ಅಷ್ಟೇ ಮುಖ್ಯ. 2010ರ ಏಪ್ರಿಲ್ 5ರಂದು ಅಮೆರಿಕದ ಅಪ್ಪರ್ ಬಿಗ್ ಬ್ರಾಂಚ್ ಗಣಿಯಲ್ಲಿ 29 ಜನ ಸತ್ತ ಮೇಲೆ ತನಿಖೆಯಲ್ಲಿ ಹೊರಬಿದ್ದ ಸಂಗತಿ ಇದು: ಕೆಲವು ಅಪಾಯಗಳನ್ನು ಗಣಿಯ ಒಳಗಿನ ಉತ್ಪಾದನಾ ಪುಸ್ತಕದಲ್ಲಿ ಬರೆದಿದ್ದರು, ಸರ್ಕಾರಿ ತಪಾಸಕರು ನೋಡುವ ಪುಸ್ತಕದಲ್ಲಿ ಬರೆದಿರಲಿಲ್ಲ. ಅಂದರೆ ತೊಂದರೆ ಗೊತ್ತಿಲ್ಲದೇ ಏನೂ ಇರಲಿಲ್ಲ. ತಪ್ಪೇ ಇಲ್ಲದ, ಪ್ರತಿ ಶಿಫ್ಟಿಗೂ ಒಂದೇ ಅಂಕಿ ಬರೆದ ಪುಸ್ತಕ ಕಂಡರೆ ನನಗೆ ಅನುಮಾನ ಬರುತ್ತದೆ.

ಗಣಿ ಮುಚ್ಚಿದ ಮೇಲೆ ಎಲ್ಲ ಮುಗಿಯಿತಲ್ಲ?

ಪಂಪ್ ನಿಂತ ಮೇಲೆ ನೀರು ವರ್ಷಗಟ್ಟಲೆ ನಿಧಾನವಾಗಿ ಏರುತ್ತದೆ. ಏರುತ್ತಾ ಒಳಗಿನ ಅನಿಲವನ್ನು ಬಿರುಕುಗಳ ಮೂಲಕ ಮೇಲಕ್ಕೆ ತಳ್ಳುತ್ತದೆ, ಕೆಲವೊಮ್ಮೆ ಮನೆಗಳ ನೆಲಮಾಳಿಗೆಗೆ. ಅದಕ್ಕೇ ಮುಚ್ಚಿದ ಶಾಫ್ಟಿಗೂ ಗಾಳಿ ಕೊಳವೆ ಬಿಟ್ಟಿರುತ್ತಾರೆ. ನೀರು ಕೊನೆಗೆ ಯಾವುದೋ ಇಳಿಜಾರಿನಲ್ಲಿ ಹೊರಬೀಳುತ್ತದೆ, ಅದರ ಶುದ್ಧೀಕರಣ ತಲೆಮಾರುಗಳ ಖರ್ಚು. ಈ ಹಣವನ್ನು ಗಣಿ ನಡೆಯುತ್ತಿರುವಾಗಲೇ ಠೇವಣಿ ಇಡಿಸಿಕೊಳ್ಳಬೇಕು, ಆಮೇಲೆ ಕೇಳಲು ಯಾರೂ ಸಿಗುವುದಿಲ್ಲ. ಆ ನೀರಿನಿಂದ ಉಪಯೋಗವೂ ಇದೆ. ನೆದರ್ಲೆಂಡ್ಸ್‌ನ ಹೇರ್ಲೆನ್‌ನಲ್ಲಿ 2008ರಿಂದ ಹಳೇ ಗಣಿಯ ಬೆಚ್ಚನೆ ನೀರಿನಿಂದ ಕಟ್ಟಡಗಳನ್ನು ಬಿಸಿ ಮಾಡುತ್ತಿದ್ದಾರೆ.

ಮುಚ್ಚುವಾಗ ಕೊನೇ ನಕ್ಷೆಯನ್ನು ಸರ್ಕಾರಕ್ಕೆ ಒಪ್ಪಿಸಬೇಕು. ಬ್ರಿಟನ್ ಇದನ್ನು 1872ರಲ್ಲಿ ಕಡ್ಡಾಯ ಮಾಡಿತು. ಅದಕ್ಕೂ ಹಿಂದಿನ ಎಷ್ಟೋ ಗಣಿಗಳಿಗೆ ನಕ್ಷೆಯೇ ಇಲ್ಲ. ಅಂಥ ನೆಲದ ಮೇಲೆ ಕಟ್ಟಡ ಕಟ್ಟುವವರು ಅಡಿಪಾಯ ತೋಡುವ ಮುಂಚೆ ಕೊರೆದು ನೋಡಿ, ಖಾಲಿ ಸಿಕ್ಕರೆ ಸಿಮೆಂಟ್ ಗಾರೆ ತುಂಬಿಸಿಕೊಳ್ಳುತ್ತಾರೆ.